ಫ್ಲೆಕ್ಸ್ ಹಾಕಿದ ಮೇಲೆ ಏನು? ಎನ್‌ಎಂಎಂಎಸ್ ಮತ್ತು ಇನ್‌ಸ್ಪೈರ್-ಮಾನಕ್: ಹೈಸ್ಕೂಲ್ ಕಡೆಯಿಂದ ಒಂದು ವಿಮರ್ಶೆ

ಸರ್ಕಾರಿ ಹೈಸ್ಕೂಲುಗಳ ಗೇಟಿನ ಪಕ್ಕ ಎರಡು ಬಗೆಯ ಫ್ಲೆಕ್ಸ್ ಕಾಣುತ್ತವೆ. ಒಂದು ಎಸ್‌ಎಸ್‌ಎಲ್‌ಸಿ ಫಲಿತಾಂಶದ್ದು, ಇನ್ನೊಂದು ಎನ್‌ಎಂಎಂಎಸ್‌ಗೆ, ಅಂದರೆ ಕಡಿಮೆ ಆದಾಯದ ಮನೆಯ ಪ್ರತಿಭಾವಂತ ಮಕ್ಕಳಿಗೆ 8ರಲ್ಲಿ ಪರೀಕ್ಷೆ ಇಟ್ಟು ಕೊಡುವ ಕೇಂದ್ರದ ವಿದ್ಯಾರ್ಥಿವೇತನಕ್ಕೆ, ಆಯ್ಕೆಯಾದ ಮಕ್ಕಳದ್ದು. ಮೊದಲನೆಯದರ ಬೆಲೆ ಊರಿಗೆಲ್ಲ ಗೊತ್ತು. ಎರಡನೆಯದರ ಲೆಕ್ಕ ಎಷ್ಟೋ ಮನೆಗಳಿಗೆ ಗೊತ್ತಿಲ್ಲ: ವರ್ಷಕ್ಕೆ 12,000 ರೂಪಾಯಿ, 9ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ನಾಲ್ಕು ವರ್ಷ, ಒಟ್ಟು 48,000. ಕೂಲಿ ಮಾಡುವ ಮನೆಯಲ್ಲಿ ಹತ್ತನೇ ಕ್ಲಾಸಿನ ನಂತರ ಹುಡುಗಿಯ ಓದು ಮುಂದುವರಿಯುತ್ತದೋ ನಿಲ್ಲುತ್ತದೋ ಅನ್ನುವ ಹೊತ್ತಿಗೆ ಇದು ಸಣ್ಣ ಮೊತ್ತವಲ್ಲ.

ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಪರೀಕ್ಷೆಯಾಗಿ ಎನ್‌ಎಂಎಂಎಸ್ ತುಂಬಾ ಒಳ್ಳೆಯದು. ಹಣ ತಲುಪಿಸುವ ವ್ಯವಸ್ಥೆಯಾಗಿ ಅದು ಕಷ್ಟದ್ದು, ಪ್ರತಿ ವರ್ಷ ಬೆನ್ನು ಹತ್ತಬೇಕಾದದ್ದು. ನಮ್ಮ ಶಾಲೆಗಳು ಮಾತ್ರ ಶ್ರಮವನ್ನೆಲ್ಲ ಪರೀಕ್ಷೆಯ ಮೇಲೆ ಸುರಿದು, ಎರಡನೇ ಕೆಲಸವನ್ನು ಸೈಬರ್ ಸೆಂಟರ್‌ಗೆ ಬಿಟ್ಟುಬಿಡುತ್ತವೆ. ಫ್ಲೆಕ್ಸ್‌ನಲ್ಲಿ ಫೋಟೋ ಬಂದ ಮಗುವಿನ ಖಾತೆಗೆ ನಾಲ್ಕೂ ವರ್ಷ ದುಡ್ಡು ಬಂದಿತೇ ಎಂದು ಕೇಳುವವರು ಕಡಿಮೆ. ಈ ವಿಮರ್ಶೆಯ ಹೆಚ್ಚಿನ ಭಾಗ ಆ ಪ್ರಶ್ನೆಗೇ ಮೀಸಲು. ಕೊನೆಯಲ್ಲಿ ಮಕ್ಕಳ ಹೊಸ ಐಡಿಯಾಗಳಿಗೆ ಹಣ ಕೊಡುವ ಇನ್‌ಸ್ಪೈರ್-ಮಾನಕ್ ಯೋಜನೆಯ ಬಗ್ಗೆಯೂ ಬರೆದಿದ್ದೇವೆ. ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆ (ಎನ್‌ಟಿಎಸ್‌ಇ) 2021ರಲ್ಲಿ ನಿಂತ ಮೇಲೆ ಸರ್ಕಾರಿ ಶಾಲೆಯ ಎಂಟು-ಒಂಬತ್ತರ ಮಕ್ಕಳು ಕೈಚಾಚಿ ಹಿಡಿಯಬಹುದಾದ ಕೇಂದ್ರ ಮಟ್ಟದ ಅವಕಾಶಗಳಲ್ಲಿ ಮುಖ್ಯವಾದವು ಇವೆರಡು.

ಯಾರು ಬರೆಯಬಹುದು, ಎಲ್ಲಿ ಎಡವುತ್ತಾರೆ

ಎನ್‌ಎಂಎಂಎಸ್ ಶುರುವಾದದ್ದು 2008ರಲ್ಲಿ. ದೇಶಕ್ಕೆಲ್ಲ ವರ್ಷಕ್ಕೆ ಒಂದು ಲಕ್ಷ ಹೊಸ ವಿದ್ಯಾರ್ಥಿವೇತನ, ಅದರಲ್ಲಿ ಕರ್ನಾಟಕದ ಪಾಲು 5,534. ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಗಳ ಶಾಲೆಯಲ್ಲಿ 8ನೇ ತರಗತಿ ಓದುತ್ತಿರುವವರು ಬರೆಯಬಹುದು. 7ರಲ್ಲಿ ಶೇ 55 ಅಂಕ ಅಥವಾ ಅದಕ್ಕೆ ಸಮನಾದ ಗ್ರೇಡ್ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳಿಗೆ ಶೇ 5 ರಿಯಾಯಿತಿ. ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರುವಂತಿಲ್ಲ.

ಕೇಂದ್ರೀಯ ವಿದ್ಯಾಲಯ, ನವೋದಯದ ಮಕ್ಕಳಿಗೆ ಇದು ಇಲ್ಲ. ಊಟ, ವಸತಿ ಎಲ್ಲ ಸರ್ಕಾರವೇ ಕೊಡುವ ವಸತಿ ಶಾಲೆಯವರಿಗೂ ಇಲ್ಲ. ಖಾಸಗಿ ಅನುದಾನರಹಿತ ಶಾಲೆಯವರಿಗೂ ಇಲ್ಲ. ಈ ಷರತ್ತು ಪರೀಕ್ಷೆಯ ದಿನಕ್ಕೆ ಮಾತ್ರ ಎಂದು ಅನೇಕರು ತಿಳಿದುಕೊಂಡಿದ್ದಾರೆ. ಹಾಗಲ್ಲ. 8ರಲ್ಲಿ ಆಯ್ಕೆಯಾದ ಮಗು 9ಕ್ಕೆ ನವೋದಯದ ಖಾಲಿ ಸೀಟು ಸಿಕ್ಕಿತೆಂದೋ, ಸೋದರಮಾವನ ಊರಿನ ಇಂಗ್ಲಿಷ್ ಮೀಡಿಯಂ ಶಾಲೆಗೆಂದೋ ಹೋದರೆ ಹಣ ಕೈತಪ್ಪುತ್ತದೆ. ಹೋಗಬಾರದು ಎಂದು ಹೇಳುತ್ತಿಲ್ಲ, ನವೋದಯ ಸಿಕ್ಕಿದರೆ ಖಂಡಿತ ಹೋಗಲಿ. ಆದರೆ ಟಿಸಿ ತೆಗೆದುಕೊಳ್ಳುವ ಮುಂಚೆ ಅಪ್ಪ-ಅಮ್ಮನಿಗೆ ಈ ಲೆಕ್ಕ ಗೊತ್ತಿರಬೇಕು.

ಅರ್ಜಿ ಹಾಕುವುದು ಶಾಲೆಯ ಮೂಲಕ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಮೊದಲೇ ಅರ್ಜಿ ಕೊಟ್ಟು ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಅರ್ಜಿಯ ಕೊನೆಯ ವಾರದಲ್ಲಿ ತಾಲ್ಲೂಕಿನ ಎಲ್ಲ ಶಾಲೆಯವರೂ ಅದೇ ಕೌಂಟರ್‌ಗೆ ಹೋಗುತ್ತಾರೆ.

ಪ್ರಶ್ನೆಪತ್ರಿಕೆ: ಇದರ ಗಟ್ಟಿತನ

ನಮ್ಮಲ್ಲಿ ಪರೀಕ್ಷೆ ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಪತ್ರಿಕೆ ಎರಡು. ಮೊದಲನೆಯದು ಬೌದ್ಧಿಕ ಸಾಮರ್ಥ್ಯ ಪರೀಕ್ಷೆ, ಎಲ್ಲರ ಬಾಯಲ್ಲಿ ಮ್ಯಾಟ್. ಎರಡನೆಯದು ವ್ಯಾಸಂಗಿಕ ಪ್ರವೃತ್ತಿ ಪರೀಕ್ಷೆ, ಸ್ಯಾಟ್. ಒಂದೊಂದಕ್ಕೂ 90 ಪ್ರಶ್ನೆ, 90 ಅಂಕ, 90 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಅರ್ಹತೆಗೆ ಎರಡೂ ಸೇರಿ ಶೇ 40 ಬೇಕು, ಅಂದರೆ 180ಕ್ಕೆ 72. ಪರಿಶಿಷ್ಟ ಜಾತಿ-ಪಂಗಡಕ್ಕೆ ಶೇ 32, ಅಂದರೆ 58. ಇಲ್ಲಿ ಒಂದು ತಪ್ಪು ತಿಳಿವಳಿಕೆ ಪ್ರತಿ ವರ್ಷ ಮಕ್ಕಳನ್ನು ಅಳಿಸುತ್ತದೆ. 72 ದಾಟಿದರೆ ಅರ್ಹತೆ ಸಿಕ್ಕಿತು ಅಷ್ಟೇ, ಆಯ್ಕೆ ಅಲ್ಲ. ಆಯ್ಕೆ ನಡೆಯುವುದು ಮೆರಿಟ್ ಮತ್ತು ಮೀಸಲಾತಿಯ ಪಟ್ಟಿಯಲ್ಲಿ. ಕೀ ಉತ್ತರ ನೋಡಿ 'ಪಾಸಾದೆ' ಎಂದು ಮನೆಗೆ ಹೇಳಿದ ಮಗು ಪಟ್ಟಿಯಲ್ಲಿ ಹೆಸರಿಲ್ಲದಾಗ ಕುಗ್ಗಿಹೋಗುತ್ತದೆ. ತರಬೇತಿಯ ಮೊದಲ ದಿನವೇ ಈ ವ್ಯತ್ಯಾಸವನ್ನು ಬೋರ್ಡ್ ಮೇಲೆ ಬರೆದು ತೋರಿಸಿ.

ಸ್ಯಾಟ್‌ನ ಒಳಹಂಚಿಕೆಯನ್ನು ಗಮನಿಸಿದ ಶಾಲೆಗಳು ಸಲೀಸಾಗಿ ಮುಂದೆ ಬರುತ್ತವೆ: ವಿಜ್ಞಾನಕ್ಕೆ 35, ಸಮಾಜ ವಿಜ್ಞಾನಕ್ಕೆ 35, ಗಣಿತಕ್ಕೆ 20. ಬಹುತೇಕ ಕಡೆ ತರಬೇತಿ ಗಣಿತದ ಮೇಷ್ಟ್ರ ಹೆಗಲ ಮೇಲೆ ಬೀಳುವುದರಿಂದ ಗಣಿತಕ್ಕೇ ಅರ್ಧ ಸಮಯ ಹೋಗುತ್ತದೆ. ಸಮಾಜ ವಿಜ್ಞಾನದ 35 ಅಂಕ 'ಓದಿಕೊಂಡು ಬನ್ನಿ' ಎಂಬ ಒಂದು ಮಾತಿನಲ್ಲಿ ಮುಗಿಯುತ್ತದೆ. 7 ಮತ್ತು 8ರ ಸಮಾಜ ಪುಸ್ತಕಗಳನ್ನು ಪಾಠಕ್ಕೆ ಹತ್ತು ಬಹುಆಯ್ಕೆ ಪ್ರಶ್ನೆಯಂತೆ ಮಕ್ಕಳಿಂದಲೇ ತಯಾರು ಮಾಡಿಸಿದರೆ ಆ ಅಂಕಗಳು ಬರುತ್ತವೆ. ಪ್ರಶ್ನೆ ಬರೆಯುವ ಮಗು ಮೂರು ತಪ್ಪು ಉತ್ತರಗಳನ್ನೂ ಹುಡುಕಬೇಕಾಗುವುದರಿಂದ ಪಾಠವನ್ನು ಪೂರ್ತಿ ಓದಲೇಬೇಕು.

ಮ್ಯಾಟ್ ನಮ್ಮ ಮೆಚ್ಚುಗೆಗೆ ನಿಜವಾದ ಕಾರಣ. ಸಂಖ್ಯಾ ಸರಣಿ, ಸಾದೃಶ್ಯ, ಗುಂಪಿಗೆ ಸೇರದ್ದು, ಸಂಕೇತ, ರಕ್ತಸಂಬಂಧ, ದಿಕ್ಕು, ವೆನ್ ಚಿತ್ರ, ಕನ್ನಡಿ ಬಿಂಬ, ಜಲಬಿಂಬ, ದಾಳ, ಘನ, ಗಡಿಯಾರ, ಕ್ಯಾಲೆಂಡರ್. ಟ್ಯೂಷನ್ ಇಲ್ಲದ ಮನೆಯ ಮಗುವೂ ತರಗತಿಯ ಕೆಲಸದಿಂದಲೇ ಇದರಲ್ಲಿ ಮುಂದೆ ಬರಬಹುದು. ಹಾಗಾಗಬೇಕಾದರೆ ಗೈಡ್ ಓದಿಸುವುದನ್ನು ಬಿಟ್ಟು ವಸ್ತುಗಳನ್ನು ಕೈಗೆ ಕೊಡಬೇಕು.

ಬಣ್ಣ ಬಳಿದ ಘನದ ಪ್ರಶ್ನೆ ತೆಗೆದುಕೊಳ್ಳಿ. 'ಎಲ್ಲ ಮುಖಕ್ಕೂ ಬಣ್ಣ ಬಳಿದ ಘನವನ್ನು 27 ಸಮ ಘನಗಳಾಗಿ ಕತ್ತರಿಸಿದರೆ, ಎರಡು ಮುಖಕ್ಕೆ ಮಾತ್ರ ಬಣ್ಣವಿರುವವು ಎಷ್ಟು?' ಚಿತ್ರ ಬರೆದು ವಿವರಿಸಿದರೆ ಮುಂದಿನ ಬೆಂಚಿನ ನಾಲ್ಕು ಮಕ್ಕಳಿಗೆ ಅರ್ಥವಾಗುತ್ತದೆ. ಬಟ್ಟೆ ಸೋಪಿನ ಬಾರ್‌ನಿಂದ 6 ಸೆಂಟಿಮೀಟರಿನ ಘನವನ್ನೋ, ಬಾರ್ ತೆಳುವಿದ್ದರೆ ಮೂರೂವರೆ-ನಾಲ್ಕರದ್ದನ್ನೋ ಕತ್ತರಿಸಿ, ಆರೂ ಮುಖಕ್ಕೆ ಸ್ಕೆಚ್ ಪೆನ್ ಬಳಿದು, ಒಂದೊಂದು ದಿಕ್ಕಿಗೆ ಎರಡೆರಡರಂತೆ ಆರು ಸಲ ಕೊಯ್ಯಿರಿ. ಆಲೂಗಡ್ಡೆ ಬೇಡ, ರಸ ಬಿಟ್ಟು ಬಣ್ಣ ಹರಡುತ್ತದೆ. ಚಾಕು ಬದಲು ಬಿಗಿಯಾಗಿ ಎಳೆದ ದಾರ ಉಪಯೋಗಿಸಿದರೆ ಸೋಪು ಪುಡಿಯಾಗುವುದಿಲ್ಲ. ತುಂಡುಗಳನ್ನು ಮಕ್ಕಳೇ ರಾಶಿ ಹಾಕಲಿ: ಮೂಲೆಯವು 8, ಮೂರು ಮುಖಕ್ಕೆ ಬಣ್ಣ, ಅಂಚಿನವು 12, ಎರಡು ಮುಖಕ್ಕೆ, ಮುಖದ ನಡುವಿನವು 6, ಒಂದು ಮುಖಕ್ಕೆ, ಹೊಟ್ಟೆಯೊಳಗಿನದು ಒಂದೇ ಒಂದು, ಬಣ್ಣವೇ ಇಲ್ಲ. ಒಟ್ಟು 27. ಇದನ್ನು ಒಮ್ಮೆ ಕೈಯಾರೆ ಮಾಡಿದ ಮಗು 64 ತುಂಡಿನ ಪ್ರಶ್ನೆಗೆ ತಾನೇ ದಾರಿ ಹುಡುಕುತ್ತದೆ: ಮೂಲೆ 8ಕ್ಕೇ ನಿಲ್ಲುತ್ತದೆ, ಅಂಚಿನವು 24 ಆಗುತ್ತವೆ, ಮುಖದ ನಡುವಿನವು 24, ಒಳಗಿನವು 8.

ದಾಳದ ಪ್ರಶ್ನೆಯಲ್ಲಿ ಒಂದು ಬಲೆ ಇದೆ. ಲೂಡೋ ಆಡಿದ ಮಕ್ಕಳಿಗೆ ಎದುರು ಮುಖಗಳ ಮೊತ್ತ 7 ಎಂದು ಗೊತ್ತಿರುತ್ತದೆ. ಪ್ರಶ್ನೆಪತ್ರಿಕೆಯ ದಾಳ ಹಾಗೇ ಇರಬೇಕಿಲ್ಲ. ಎರಡು ಚಿತ್ರ ಕೊಟ್ಟು ಒಂದು ಸಂಖ್ಯೆ ಎರಡರಲ್ಲೂ ಇದ್ದರೆ, ಆ ಸಂಖ್ಯೆಯಿಂದ ಗಡಿಯಾರದ ದಿಕ್ಕಿಗೆ ಸುತ್ತುತ್ತ ಉಳಿದವನ್ನು ಎರಡು ಸಾಲಾಗಿ ಬರೆಯಬೇಕು. ಮೇಲೆ-ಕೆಳಗೆ ಎದುರಾಗಿ ಬಂದವು ಎದುರು ಮುಖಗಳು. ಖಾಲಿ ಸೀಮೆಸುಣ್ಣದ ಡಬ್ಬಿಯ ರಟ್ಟಿನಿಂದ ದಾಳ ಮಾಡಿ ಪರೀಕ್ಷಿಸಲು ಬಿಡಿ.

ಅಕ್ಷರ ಸರಣಿ, ಸಂಕೇತದ ಪ್ರಶ್ನೆಗಳಲ್ಲಿ ಇಂಗ್ಲಿಷ್ ವರ್ಣಮಾಲೆ ಬರುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಇಲ್ಲಿ ಒಂದೊಂದು ಪ್ರಶ್ನೆಗೂ ಬೆರಳು ಎಣಿಸುತ್ತ ಎರಡು ನಿಮಿಷ ಕಳೆಯುತ್ತಾರೆ. ಇ, ಜೆ, ಓ, ಟಿ, ವೈ ಈ ಐದು ಅಕ್ಷರಗಳ ಸ್ಥಾನ 5, 10, 15, 20, 25 ಎಂದು ಬಾಯಿಗೆ ಬಂದಿದ್ದರೆ ಮೊದಲಿನ ಎ, ಬಿ ಬಿಟ್ಟು ಉಳಿದ ಯಾವ ಅಕ್ಷರವಾದರೂ ಎರಡು ಹೆಜ್ಜೆಯೊಳಗೆ ಸಿಗುತ್ತದೆ. ಹಿಂದಿನಿಂದ ಎಣಿಸಬೇಕಾದರೆ 27ರಿಂದ ಕಳೆಯಿರಿ. ಗಡಿಯಾರದ ಕೋನಕ್ಕೆ ಗಂಟೆಯನ್ನು 30ರಿಂದ, ನಿಮಿಷವನ್ನು ಐದೂವರೆಯಿಂದ ಗುಣಿಸಿ ವ್ಯತ್ಯಾಸ ತೆಗೆಯಬೇಕು. ಮೂರೂವರೆ ಗಂಟೆಗೆ 90 ಮತ್ತು 165, ಕೋನ 75 ಡಿಗ್ರಿ. 90 ಎಂದು ಬರೆಯುವ ಮಕ್ಕಳು ಗಂಟೆಯ ಮುಳ್ಳು ಮೂರರ ಮೇಲೇ ನಿಂತಿದೆ ಎಂದುಕೊಂಡಿರುತ್ತಾರೆ. ಗೋಡೆ ಗಡಿಯಾರವನ್ನು ಕೆಳಗಿಳಿಸಿ ತಿರುಗಿಸಿ ತೋರಿಸಿದರೆ ಸಾಕು.

ಓಎಂಆರ್, ಅಂದರೆ ವೃತ್ತ ತುಂಬುವ ಉತ್ತರ ಹಾಳೆಯ ಅಭ್ಯಾಸವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದ ಮಗು ಹಾಳೆಯಲ್ಲಿ ಸಾಲು ಬಿಡುವುದನ್ನು ಮರೆತರೆ ಅಲ್ಲಿಂದ ಮುಂದಿನ ಉತ್ತರಗಳೆಲ್ಲ ಒಂದು ಸಾಲು ಜಾರುತ್ತವೆ. ಪತ್ತೆಯಾಗುವುದು ಕೊನೆಯಲ್ಲಿ, ಅಷ್ಟರಲ್ಲಿ ಬಾಲ್‌ಪೆನ್ನಿನಲ್ಲಿ ತುಂಬಿದ ವೃತ್ತಗಳನ್ನು ತಿದ್ದಲಾಗದು. ಒಂದು ಪುಟದ ಉತ್ತರಗಳನ್ನು ಪ್ರಶ್ನೆಪತ್ರಿಕೆಯಲ್ಲೇ ಗುರುತು ಹಾಕಿಕೊಂಡು, ಪುಟ ಮುಗಿದ ಮೇಲೆ ಒಟ್ಟಿಗೆ ತುಂಬುವ ರೂಢಿ ಮಾಡಿಸಿ. ಪ್ರತಿ ಹತ್ತನೇ ಪ್ರಶ್ನೆಗೆ ಸಂಖ್ಯೆ ತಾಳೆ ನೋಡಬೇಕು. ಸಮಯದ ಹಂಚಿಕೆ ಹೀಗಿರಲಿ: ಮೊದಲ 60 ನಿಮಿಷ ಗೊತ್ತಿರುವವು, ಮುಂದಿನ 20 ಯೋಚಿಸಬೇಕಾದವು, ಕೊನೆಯ 10 ನಿಮಿಷ ಉಳಿದ ಖಾಲಿ ವೃತ್ತಗಳಿಗೆ. ಅಂಕ ಕಳೆಯದ ಪರೀಕ್ಷೆಯಲ್ಲಿ ಒಂದನ್ನೂ ಖಾಲಿ ಬಿಡಬಾರದು. ಶಾಲೆಯಲ್ಲಿ ಜೆರಾಕ್ಸ್ ಹಾಳೆಯ ಮೇಲೆ ಪೂರ್ತಿ ಮೂರು ಗಂಟೆಯ ಅಭ್ಯಾಸವನ್ನು ನಾಲ್ಕೈದು ಸಲವಾದರೂ ಮಾಡಿಸಿ. ಹಳೆಯ ಪ್ರಶ್ನೆಪತ್ರಿಕೆಗಳು ಮಂಡಳಿಯ ಜಾಲತಾಣದಲ್ಲೇ ಸಿಗುತ್ತವೆ. ದುಡ್ಡು ಕೊಟ್ಟು ಗೈಡ್ ಕೊಳ್ಳುವ ಮುಂಚೆ ಅವನ್ನು ಮುಗಿಸಿ.

ಪರೀಕ್ಷೆಯ ಭಾಗಕ್ಕೆ ಐದರಲ್ಲಿ ನಾಲ್ಕೂವರೆ ಕೊಡುತ್ತೇವೆ.

ಪೋರ್ಟಲ್: ಗೆದ್ದದ್ದು ಕೈತಪ್ಪುವ ಜಾಗ

ಫಲಿತಾಂಶ ಬಂದ ಮೇಲಿನ ಕೆಲಸ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಎಲ್ಲರೂ ಹೇಳುವಂತೆ ಎನ್‌ಎಸ್‌ಪಿಯಲ್ಲಿ. ಆಯ್ಕೆಯಾದ ಮಾತ್ರಕ್ಕೆ ಹಣ ಬರುವುದಿಲ್ಲ. 9ರಲ್ಲಿ ಹೊಸ ಅರ್ಜಿ ಹಾಕಬೇಕು, 10, 11, 12ರಲ್ಲಿ ನವೀಕರಣ ಮಾಡಬೇಕು. ಪ್ರತಿ ವರ್ಷದ ಅರ್ಜಿಯೂ ಎರಡು ಮೆಟ್ಟಿಲು ಹತ್ತಬೇಕು: ಮೊದಲು ಶಾಲೆಯ ನೋಡಲ್ ಅಧಿಕಾರಿ, ಆಮೇಲೆ ಜಿಲ್ಲೆಯ ನೋಡಲ್ ಅಧಿಕಾರಿ. ಮಗು, ಶಾಲೆ, ಜಿಲ್ಲೆ ಮೂವರಿಗೂ ಕೊನೆಯ ದಿನಾಂಕ ಬೇರೆ ಬೇರೆ. ಮಗು ಸರಿಯಾದ ಸಮಯಕ್ಕೆ ಅರ್ಜಿ ಹಾಕಿ, ಶಾಲೆಯವರು ಲಾಗಿನ್ ಆಗದಿದ್ದರೆ ಆ ವರ್ಷದ 12,000 ಹೋಯಿತು.

ಮೊದಲ ಬಿರುಕು 8 ಮತ್ತು 9ರ ನಡುವೆ ಇದೆ. 8ನೇ ತರಗತಿ ಹಿರಿಯ ಪ್ರಾಥಮಿಕ ಶಾಲೆಯಲ್ಲೇ ಇರುವ ಕಡೆ ಪರೀಕ್ಷೆ ಬರೆಸಿದ್ದು ಆ ಶಾಲೆ, ಅರ್ಜಿ ಹಾಕಬೇಕಾದದ್ದು ಹೈಸ್ಕೂಲ್. ಮಗು ಜೂನ್‌ನಲ್ಲಿ ಹೊಸ ಶಾಲೆಗೆ ಬಂದಾಗ ಅಲ್ಲಿನ ಮೇಷ್ಟ್ರಿಗೆ ಅದು ಆಯ್ಕೆಯಾದ ಸಂಗತಿಯೇ ತಿಳಿದಿರುವುದಿಲ್ಲ. ಮಗುವಿಗೆ ಹೇಳಿಕೊಳ್ಳಲು ನಾಚಿಕೆ. ಇದಕ್ಕೆ ಮದ್ದು ಸರಳ. ಪ್ರಾಥಮಿಕ ಶಾಲೆಯವರು ಟಿಸಿ ಜೊತೆಗೆ ಒಂದು ಹಾಳೆ ಕೊಡಬೇಕು: ಎನ್‌ಎಂಎಂಎಸ್ ನೋಂದಣಿ ಸಂಖ್ಯೆ, ಇಲಾಖೆಯ ದಾಖಲೆಯಲ್ಲಿ ಮಗುವನ್ನು ಗುರುತಿಸುವ ಸ್ಯಾಟ್ಸ್ ಸಂಖ್ಯೆ, ಪರೀಕ್ಷೆಯ ಅರ್ಜಿಯಲ್ಲಿ ಬರೆದಂತೆ ಹೆಸರು, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ. ಹೈಸ್ಕೂಲಿನವರು ದಾಖಲಾತಿಯ ದಿನ ಪ್ರತಿ ಮಗುವಿಗೂ ಒಂದು ಪ್ರಶ್ನೆ ಕೇಳಬೇಕು: 'ಎನ್‌ಎಂಎಂಎಸ್ ಬರೆದಿದ್ದೆಯಾ? ಆಯ್ಕೆಯಾಗಿದೆಯಾ?'

ಎರಡನೇ ತೊಡಕು ಹೆಸರು. ಪರೀಕ್ಷೆಯ ಅರ್ಜಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕ್ ಪುಸ್ತಕದಲ್ಲಿ ಅಪ್ಪನ ಪೂರ್ತಿ ಹೆಸರು. ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಒಂದು ಎಚ್ ಹೆಚ್ಚು, ಒಂದು ಎ ಕಡಿಮೆ. ನಮ್ಮ ಕಣ್ಣಿಗೆ ಒಂದೇ ಮಗು, ಕಂಪ್ಯೂಟರಿಗೆ ಮೂವರು. ಹಾಗಾಗಿ ಹೆಸರು ಸರಿಪಡಿಸುವ ಕೆಲಸ 9ರಲ್ಲಲ್ಲ, 8ರ ಜೂನ್‌ನಲ್ಲಿ, ಪರೀಕ್ಷೆಯ ಅರ್ಜಿ ತುಂಬುವ ಮುಂಚೆಯೇ ಆಗಬೇಕು. ಆಧಾರ್ ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ನೋಡಿ ಬರೆಯಿರಿ.

ಮೂರನೆಯದು ಬ್ಯಾಂಕ್ ಖಾತೆ. ಹೆಚ್ಚು ಹಣ ನಿಲ್ಲುವುದು ಇಲ್ಲೇ. ಖಾತೆ ಮಗುವಿನ ಹೆಸರಿನಲ್ಲೇ ಇರಬೇಕು. ಹಣ ಬರುವುದು ಆಧಾರ್ ಆಧಾರಿತ ನೇರ ವರ್ಗಾವಣೆಯಲ್ಲಿ (ಡಿಬಿಟಿ). ಆಧಾರ್ ಖಾತೆಗೆ 'ಲಿಂಕ್' ಆಗಿದೆ ಎಂದು ಬ್ಯಾಂಕಿನವರು ಹೇಳಿದರೆ ಸಾಲದು. ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಮ್ಯಾಪಿಂಗ್ ಅಥವಾ ಸೀಡಿಂಗ್ ಆಗಿರಬೇಕು, ಅಂದರೆ ನೇರ ವರ್ಗಾವಣೆಯ ಹಣಕ್ಕೆ ಈ ಖಾತೆಯೇ ಎಂದು ದಾಖಲಾಗಿರಬೇಕು. ಎರಡೂ ಬೇರೆ ಬೇರೆ ಕೆಲಸ. ಬ್ಯಾಂಕಿನಲ್ಲಿ ಕೇಳುವಾಗ 'ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ' ಎಂದೇ ಕೇಳಿ, ಒಪ್ಪಿಗೆ ಫಾರಂ ತುಂಬಿಕೊಡಿ. ಆಮೇಲೆ ಆಧಾರ್ ಜಾಲತಾಣದಲ್ಲಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ತೆರೆದು ಯಾವ ಬ್ಯಾಂಕ್, ಸಕ್ರಿಯವೋ ಇಲ್ಲವೋ ನೋಡಿ. ಮನೆಯವರು ನಂತರ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಸೀಡಿಂಗ್ ಮಾಡಿಸಿದರೆ ಹಣ ಅಲ್ಲಿಗೆ ಹೋಗುತ್ತದೆ. ಬಂದೇ ಇಲ್ಲ ಎಂದು ಹುಡುಕುವ ಎಷ್ಟೋ ಕಂತುಗಳು ಮರೆತ ಪಾಸ್‌ಬುಕ್ಕಿನಲ್ಲಿ ಕೂತಿರುತ್ತವೆ. ವ್ಯವಹಾರವೇ ಇಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ, ಆದ್ದರಿಂದ ಆಗಾಗ ನೂರು ರೂಪಾಯಿ ಹಾಕಿ ತೆಗೆಯುತ್ತಿರಲಿ.

ಅರ್ಜಿ ಹಾಕಲು ಮೊದಲು ಒಂದು ಬಾರಿಯ ನೋಂದಣಿ, ಓಟಿಆರ್, ಆಗಬೇಕು. ಇದಕ್ಕೆ ಮೊಬೈಲಿನಲ್ಲಿ ಮುಖ ದೃಢೀಕರಣ ಇದೆ. ಮಬ್ಬು ಕೋಣೆಯಲ್ಲಿ, ಕಿಟಕಿಗೆ ಬೆನ್ನು ಹಾಕಿ ನಿಂತರೆ ಮತ್ತೆ ಮತ್ತೆ ಸೋಲುತ್ತದೆ; ವರಾಂಡದಲ್ಲಿ ಬೆಳಕಿಗೆ ಮುಖ ಮಾಡಿ ನಿಲ್ಲಿಸಿ. ಓಟಿಆರ್ ಸಂಖ್ಯೆಯನ್ನು ಮಗುವಿನ ನೋಟ್‌ಬುಕ್ಕಿನಲ್ಲೂ ಶಾಲೆಯ ರಿಜಿಸ್ಟರಿನಲ್ಲೂ ಬರೆದಿಡಿ, ಮುಂದಿನ ವರ್ಷಗಳಿಗೂ ಅದೇ ಬೇಕು. ಮೊಬೈಲ್ ನಂಬರ್ ಮನೆಯಲ್ಲಿ ಖಾಯಂ ಇರುವವರದ್ದಾಗಿರಲಿ. ಸೈಬರ್ ಸೆಂಟರ್‌ನವರ ನಂಬರ್ ಕೊಟ್ಟರೆ ನವೀಕರಣದ ಹೊತ್ತಿಗೆ ಓಟಿಪಿ ಯಾರ ಫೋನಿಗೆ ಬರುತ್ತದೋ ಗೊತ್ತಾಗುವುದಿಲ್ಲ. ಯೋಜನೆಯ ಹೆಸರು ಆರಿಸುವಾಗ ಎನ್‌ಎಂಎಂಎಸ್‌ ಬಿಟ್ಟು ಬೇರೊಂದು ಕೇಂದ್ರ ವಿದ್ಯಾರ್ಥಿವೇತನವನ್ನು ಒತ್ತಿದರೆ ಅರ್ಜಿ ಆ ದಾರಿಗೇ ಹೋಗುತ್ತದೆ. ರಾಜ್ಯದ ವಿದ್ಯಾರ್ಥಿವೇತನಗಳ ಎಸ್‌ಎಸ್‌ಪಿ ಬೇರೆಯೇ ಪೋರ್ಟಲ್. ಅಲ್ಲಿ ಅರ್ಜಿ ಹಾಕಿದ್ದೇವೆ, ಇಲ್ಲಿ ಬೇಕಿಲ್ಲ ಎಂದು ಸುಮ್ಮನಾಗುವ ಪೋಷಕರಿಗೆ ಬಿಡಿಸಿ ಹೇಳಿ.

ಅರ್ಜಿ ಸಲ್ಲಿಸಿದ ಮೇಲೆ ವಾರಕ್ಕೊಮ್ಮೆ ಸ್ಥಿತಿ ನೋಡುವುದು ಅಗತ್ಯ. 'ಡಿಫೆಕ್ಟಿವ್' ಎಂದು ಬಂದರೆ ತಿರಸ್ಕಾರವಲ್ಲ, ತಿದ್ದಿ ಮತ್ತೆ ಕಳಿಸಿ ಎಂದರ್ಥ. ಆದರೆ ಅದಕ್ಕೂ ಗಡುವಿದೆ. ಮುಖ್ಯ ಶಿಕ್ಷಕರು ವರ್ಗವಾದರೆ ಅಥವಾ ನಿವೃತ್ತರಾದರೆ ಶಾಲೆಯ ಲಾಗಿನ್ ಹೊಸಬರ ಹೆಸರಿಗೆ ಬದಲಾಗಿ ಅವರ ಆಧಾರ್ ದೃಢೀಕರಣ ಮುಗಿಯುವವರೆಗೆ ಪರಿಶೀಲನೆ ಮುಂದೆ ಹೋಗದು. ವರ್ಗಾವಣೆಯ ಚಾರ್ಜ್ ಪಟ್ಟಿಯಲ್ಲಿ ಬೀರುವಿನ ಕೀಲಿಯ ಜೊತೆಗೆ ಎನ್‌ಎಸ್‌ಪಿ ಲಾಗಿನ್ ಕೂಡ ಸೇರಬೇಕು.

ಪಿಯುಸಿ ಮೆಟ್ಟಿಲು

ನಾಲ್ಕು ವರ್ಷದಲ್ಲಿ ಅತಿ ಹೆಚ್ಚು ಮಕ್ಕಳು ಜಾರುವ ಮೆಟ್ಟಿಲು 10 ಮತ್ತು 11ರ ನಡುವಿನದು. 9ರಿಂದ 10ಕ್ಕೆ, 11ರಿಂದ 12ಕ್ಕೆ ಮೊದಲ ಪ್ರಯತ್ನದಲ್ಲೇ ತೇರ್ಗಡೆಯಾದರೆ ಸಾಕು. 10ರಿಂದ 11ಕ್ಕೆ ಮಾತ್ರ ಶೇ 60 ಬೇಕು, ಎಸ್‌ಎಸ್‌ಎಲ್‌ಸಿಯ 625ಕ್ಕೆ 375. ಪರಿಶಿಷ್ಟ ಜಾತಿ-ಪಂಗಡಕ್ಕೆ ಶೇ 55, ಅಂದರೆ 344. ಈ ಎರಡು ಸಂಖ್ಯೆಗಳನ್ನು ಹತ್ತನೇ ತರಗತಿಯ ಎನ್‌ಎಂಎಂಎಸ್ ಮಕ್ಕಳಿಗೆ ವರ್ಷದ ಆರಂಭದಲ್ಲೇ ತಿಳಿಸಿ. 370 ತೆಗೆದು ಮೊದಲ ದರ್ಜೆಗೆ ಸ್ವಲ್ಪದರಲ್ಲಿ ತಪ್ಪಿದ ಮಗು ಮುಂದಿನ 24,000 ಕೂಡ ಕಳೆದುಕೊಳ್ಳುತ್ತದೆ.

ಅಂಕ ಬಂದವರಿಗೂ ಎರಡು ಅಪಾಯ. ಐಟಿಐ, ಡಿಪ್ಲೊಮಾಕ್ಕೆ ಹೋದರೆ ಈ ವೇತನ ಮುಂದುವರಿಯುವುದಿಲ್ಲ. ಖಾಸಗಿ ಅನುದಾನರಹಿತ ಪಿಯು ಕಾಲೇಜಿಗೆ ಸೇರಿದರೂ ಅಷ್ಟೇ. ಸರ್ಕಾರಿ ಅಥವಾ ಅನುದಾನಿತ ಕಾಲೇಜಿಗೆ ಸೇರಿದರೂ ಅಲ್ಲಿನ ನೋಡಲ್ ಅಧಿಕಾರಿ ಲಾಗಿನ್ ಆಗಿ ಪರಿಶೀಲಿಸಬೇಕು. ಕಾಲೇಜಿನಲ್ಲಿ ಇಂಥ ಮಕ್ಕಳು ಒಬ್ಬರೋ ಇಬ್ಬರೋ ಇರುತ್ತಾರೆ, ಹಾಗಾಗಿ ಅದು ಯಾರ ಕೆಲಸವೆಂದೇ ಸ್ಪಷ್ಟವಿರುವುದಿಲ್ಲ. ಹೊಸ ವಾತಾವರಣದಲ್ಲಿ ಹದಿನಾರರ ಹುಡುಗಿ ಆಫೀಸ್ ರೂಮಿನ ಕಿಟಕಿಯ ಮುಂದೆ ನಿಂತು 'ಸಾರ್, ಎನ್‌ಎಸ್‌ಪಿ ವೆರಿಫೈ ಮಾಡ್ಬೇಕಿತ್ತು' ಅಂದಾಗ 'ಯಾವ ಸ್ಕಾಲರ್‌ಶಿಪ್ಪಮ್ಮಾ, ನಾಳೆ ಬಾ' ಎಂಬ ಉತ್ತರ ಬಂದರೆ ಅವಳು ಮತ್ತೆ ಕೇಳುವುದು ಅನುಮಾನ. ಹೈಸ್ಕೂಲಿನ ಮೇಷ್ಟ್ರು ಕಾಲೇಜಿಗೆ ಒಂದು ಫೋನ್ ಮಾಡಿ, ಓಟಿಆರ್ ಸಂಖ್ಯೆ ಮತ್ತು ಕೊನೆಯ ದಿನಾಂಕ ಬರೆದ ಪತ್ರ ಕೊಟ್ಟು ಕಳಿಸಿದರೆ ಕೆಲಸ ಆಗುತ್ತದೆ. ಮಗು ಈಗ ನಮ್ಮ ಶಾಲೆಯದಲ್ಲ ಎನ್ನುವುದು ಸರಿಯಲ್ಲ. ಫ್ಲೆಕ್ಸ್ ಮೇಲೆ ಅದರ ಫೋಟೋ ಹಾಕಿದವರು ನಾವೇ.

ಪೋರ್ಟಲ್ ಮತ್ತು ಪಾವತಿಗೆ ಐದರಲ್ಲಿ ಎರಡು. ಹಣ ನೇರವಾಗಿ ಮಗುವಿನ ಖಾತೆಗೆ ಹೋಗುವುದು, ನಡುವೆ ಯಾರ ಕೈಯೂ ಇಲ್ಲದಿರುವುದು ಅದರ ದೊಡ್ಡ ಗುಣ. ಮೊತ್ತದ ಬಗ್ಗೆ ಮಾತ್ರ ಅಸಮಾಧಾನ ಇದೆ. ತಿಂಗಳಿಗೆ 500 ಇದ್ದದ್ದು 2017ರ ಏಪ್ರಿಲ್‌ನಿಂದ 1,000 ಆಯಿತು. ಬಸ್ ಪಾಸ್, ನೋಟ್‌ಬುಕ್, ಸಮವಸ್ತ್ರದ ಬೆಲೆ ಅಲ್ಲಿಂದ ಎಷ್ಟು ಏರಿದೆ ಎಂದು ಯಾವ ಪೋಷಕರನ್ನು ಕೇಳಿದರೂ ಹೇಳುತ್ತಾರೆ.

ಇನ್‌ಸ್ಪೈರ್-ಮಾನಕ್: ಅಂಕ ಬೇಡ, ಕಣ್ಣು ಬೇಕು

ಎನ್‌ಎಂಎಂಎಸ್ ಓದುವ ಮಕ್ಕಳನ್ನು ಹುಡುಕಿದರೆ, ಇನ್‌ಸ್ಪೈರ್-ಮಾನಕ್ ಸುತ್ತಮುತ್ತ ನೋಡುವ ಮಕ್ಕಳನ್ನು ಹುಡುಕುತ್ತದೆ. ಅಂಕದ ಮಿತಿ ಇಲ್ಲ, ಆದಾಯದ ಮಿತಿ ಇಲ್ಲ, ಖಾಸಗಿ ಶಾಲೆಯವರೂ ಬರಬಹುದು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಗಾಂಧಿನಗರದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನದ ಜೊತೆ ಸೇರಿ ನಡೆಸುತ್ತದೆ. ಶಾಲೆಯೊಂದು ಐದು ಮಕ್ಕಳ ಐಡಿಯಾಗಳನ್ನು ಆನ್‌ಲೈನ್‌ನಲ್ಲಿ ಕಳಿಸಬಹುದು. ಆಯ್ಕೆಯಾದ ಐಡಿಯಾಕ್ಕೆ ಮಾದರಿ ತಯಾರಿಸಲು 10,000 ರೂಪಾಯಿ ಮಗುವಿನ ಖಾತೆಗೆ ಬರುತ್ತದೆ. ಆಮೇಲೆ ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದ ಪ್ರದರ್ಶನ. ಕೊನೆಗೆ ಉಳಿಯುವವು 60. ಆ ಹಂತದ ಮಕ್ಕಳಿಗೆ ಪೇಟೆಂಟ್ ಅರ್ಜಿಗೆ ನೆರವು, ಮಾದರಿ ಸುಧಾರಿಸಲು ಮಾರ್ಗದರ್ಶನ ಸಿಗುತ್ತದೆ. ಸಕುರಾ ವಿಜ್ಞಾನ ಕಾರ್ಯಕ್ರಮದಡಿ ಜಪಾನ್‌ಗೆ ಹೋಗಿಬಂದ ಮಕ್ಕಳೂ ಇದ್ದಾರೆ.

ಶಾಲೆ ಒಮ್ಮೆ ತನ್ನ ಗುರುತಿನ ಯು-ಡೈಸ್ ಸಂಖ್ಯೆ ಕೊಟ್ಟು ನೋಂದಾಯಿಸಿಕೊಂಡರೆ ಮುಂದೆ ಪ್ರತಿ ವರ್ಷ ಮಕ್ಕಳ ವಿವರ ಸೇರಿಸುವುದಷ್ಟೇ ಕೆಲಸ. ಐಡಿಯಾವನ್ನು ಕನ್ನಡದಲ್ಲೇ ಬರೆಯಬಹುದು, ಕೈಯಲ್ಲಿ ಬಿಡಿಸಿದ ಚಿತ್ರದ ಫೋಟೋ ಸೇರಿಸಬಹುದು. ಇಲ್ಲಿ ಕೆಡುವುದು ತಂತ್ರಾಂಶದಿಂದಲ್ಲ, ಐಡಿಯಾದಿಂದ. ರೈಲು ಹಳಿಯ ಬಿರುಕು ಪತ್ತೆ, ಅಂಧರ ಸೆನ್ಸರ್ ಕೋಲು, ತಾನೇ ಉರಿಯುವ ಬೀದಿದೀಪ, ಮಳೆ ಬಂದರೆ ಮುಚ್ಚಿಕೊಳ್ಳುವ ಬಟ್ಟೆ ತಂತಿ: ಯೂಟ್ಯೂಬ್‌ನಿಂದ ಎತ್ತಿದ ಇಂಥವು ಎಲ್ಲ ಜಿಲ್ಲೆಯಿಂದಲೂ ಹೋಗುತ್ತವೆ. ಆಯ್ಕೆಗೆ ನೋಡುವುದು ಹೊಸತನ, ಸಮಾಜಕ್ಕೆ ಉಪಯೋಗ, ಪರಿಸರಕ್ಕೆ ಹಾನಿ ಇಲ್ಲದಿರುವುದು, ಬಳಸುವವರಿಗೆ ಸುಲಭವಾಗಿರುವುದು, ಈಗಾಗಲೇ ಇರುವುದಕ್ಕಿಂತ ಹೇಗೆ ಮೇಲು ಎಂಬುದು. ಮೊದಲನೆಯದಾದ ಹೊಸತನದಲ್ಲೇ ಯೂಟ್ಯೂಬ್ ಐಡಿಯಾಗಳು ಬೀಳುತ್ತವೆ.

ತರಗತಿಯಲ್ಲಿ ಹೀಗೆ ಮಾಡಿಸಿ. 'ಹೊಸ ಐಡಿಯಾ ತನ್ನಿ' ಎಂದು ಕೇಳಬೇಡಿ. ಒಂದು ವಾರ ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ದೊಡ್ಡವರು 'ಇದೊಂದು ಕಾಟ' ಎಂದು ಗೊಣಗುವುದನ್ನೆಲ್ಲ ಬರೆದುಕೊಂಡು ಬರಲು ಹೇಳಿ. ರಾಗಿ ಚೀಲದ ಬಾಯಿ ಒಬ್ಬರೇ ಹಿಡಿದು ತುಂಬಲಾಗದು, ಕೊಟ್ಟಿಗೆಯ ಗಂಜಲದ ಕಾಲುವೆ ಕಟ್ಟಿಕೊಳ್ಳುತ್ತದೆ, ರೇಷ್ಮೆ ತಟ್ಟೆ ಬಾಗಿ ಬಾಗಿ ಸೊಂಟ ಹಿಡಿಯುತ್ತದೆ. ಇಂಥ ಪಟ್ಟಿಯಿಂದ ಒಂದನ್ನು ಆರಿಸಿ ಮಗು ಮೂರು ಪ್ರಶ್ನೆಗೆ ಉತ್ತರ ಬರೆಯಲಿ: ಈಗ ಜನ ಏನು ಮಾಡುತ್ತಾರೆ, ಅದರಲ್ಲಿ ಏನು ಸಾಲದು, ನನ್ನದು ಅದನ್ನು ಹೇಗೆ ಸರಿಮಾಡುತ್ತದೆ. ಆ ಮೂರು ಉತ್ತರವೇ ಅರ್ಜಿಯ ಬರಹವಾಗುತ್ತದೆ. ಶಿಕ್ಷಕರು ವ್ಯಾಕರಣ ತಿದ್ದಲಿ, ಐಡಿಯಾ ತಿದ್ದುವುದು ಬೇಡ. ಪ್ರದರ್ಶನದಲ್ಲಿ ತೀರ್ಪುಗಾರರು 'ಈ ಸ್ಪ್ರಿಂಗ್ ಯಾಕೆ ಇಲ್ಲಿಟ್ಟೆ?' ಎಂದು ಕೇಳಿದಾಗ ಉತ್ತರ ಹೇಳಬೇಕಾದದ್ದು ಮಗು.

10,000ದಲ್ಲಿ ಥರ್ಮಾಕೋಲ್ ಮಾದರಿ ಮಾಡಿಸಿ ಅಂಗಡಿಗೆ ದುಡ್ಡು ಕೊಡುವುದು ದೊಡ್ಡ ನಷ್ಟ. ಕೆಲಸ ಮಾಡುವ ಮಾದರಿ ಬೇಕು. ಊರಿನ ವೆಲ್ಡಿಂಗ್ ಅಂಗಡಿ, ಬಡಗಿ, ಗುಜರಿ ಅಂಗಡಿಯವರ ಹತ್ತಿರ ಮಗುವೇ ಹೋಗಿ ಅಳತೆ ಕೊಟ್ಟು ಮಾಡಿಸಲಿ. ಮೊದಲ ಮಾದರಿ ರಟ್ಟು ಮತ್ತು ಬಿದಿರಿನಲ್ಲಿ ಆಗಲಿ, ಅದರಲ್ಲಿ ತಪ್ಪು ಗೊತ್ತಾದ ಮೇಲೆ ಕಬ್ಬಿಣಕ್ಕೆ ಹೋಗಿ. ಒಂದಿಷ್ಟು ಹಣವನ್ನು ಜಿಲ್ಲಾ ಪ್ರದರ್ಶನಕ್ಕೆ ಸಾಗಿಸುವ ಖರ್ಚಿಗೆ, ದಾರಿಯಲ್ಲಿ ಮುರಿದರೆ ರಿಪೇರಿಗೆ ಉಳಿಸಿಕೊಳ್ಳಿ. ಬಸ್ಸಿನ ಡಿಕ್ಕಿಯಲ್ಲಿ ಹಿಡಿಸದ ಮಾದರಿಯಾದರೆ ಬಿಚ್ಚಿ ಜೋಡಿಸುವಂತೆ ನಟ್-ಬೋಲ್ಟ್ ಹಾಕಿಸಿ. ರಸೀದಿಗಳನ್ನು ಒಂದು ಕವರಿನಲ್ಲಿಡಿ.

ಈ ಯೋಜನೆಗೆ ನಾವು ಐದರಲ್ಲಿ ನಾಲ್ಕು ಕೊಡುತ್ತೇವೆ. ಐಡಿಯಾ ಕಳಿಸಿದ ದಿನದಿಂದ ಹಣ ಬಂದು ಪ್ರದರ್ಶನ ನಡೆಯುವವರೆಗೆ ತಿಂಗಳುಗಳು ಉರುಳುತ್ತವೆ, ಒಂಬತ್ತರಲ್ಲಿ ಹೆಸರು ಕೊಟ್ಟ ಮಗುವಿಗೆ ಹತ್ತರ ಪರೀಕ್ಷೆ ಎದುರಿಗಿರುತ್ತದೆ. ಆದಕಾರಣ ಹೈಸ್ಕೂಲಿನಲ್ಲಿ 8ನೇ ತರಗತಿಯ ಮಕ್ಕಳ ಹೆಸರನ್ನೇ ಹೆಚ್ಚು ಕಳಿಸುವುದು ಜಾಣತನ. ಐದೂ ಜಾಗ ತುಂಬಿಸಿ. ವಿಜ್ಞಾನದಲ್ಲಿ ಮೊದಲ ರ‍್ಯಾಂಕಿನವರನ್ನೇ ಸಾಲಾಗಿ ಆರಿಸುವ ರೂಢಿ ಬಿಟ್ಟು, ಸೈಕಲ್ ಚೈನ್ ತಾನೇ ಹಾಕಿಕೊಳ್ಳುವ, ಮಿಕ್ಸಿ ಬಿಚ್ಚಿ ಬೈಸಿಕೊಂಡ ಹಿಂದಿನ ಬೆಂಚಿನ ಮಕ್ಕಳನ್ನೂ ಕರೆಯಿರಿ.

ನಾಮನಿರ್ದೇಶನ ಸಾಮಾನ್ಯವಾಗಿ ಶೈಕ್ಷಣಿಕ ವರ್ಷದ ಮೊದಲ ಅರ್ಧದಲ್ಲೇ ಮುಗಿಯುತ್ತದೆ. ಎನ್‌ಎಸ್‌ಪಿ ನವೀಕರಣವೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ ಬರುತ್ತದೆ. ಆದ್ದರಿಂದ ಜೂನ್ ಮುಗಿಯುವುದರೊಳಗೆ ಶಾಲೆಯ ರಿಜಿಸ್ಟರಿನಲ್ಲಿ ಒಂದು ಪುಟ ತೆರೆಯಿರಿ. 9 ಮತ್ತು 10ರಲ್ಲಿರುವ ಎನ್‌ಎಂಎಂಎಸ್ ಮಕ್ಕಳು, ಪಿಯುಗೆ ಹೋದ ಹಳೆಯ ಮಕ್ಕಳು, ಈ ವರ್ಷ ಪರೀಕ್ಷೆ ಬರೆಯುವ 8ರವರು, ಇನ್‌ಸ್ಪೈರ್‌ನ ಐವರು. ಪ್ರತಿ ಹೆಸರಿನ ಮುಂದೆ ಓಟಿಆರ್, ಸೀಡಿಂಗ್ ಆದ ಬ್ಯಾಂಕ್, ಅರ್ಜಿಯ ಸ್ಥಿತಿ, ಹಣ ಬಂದ ದಿನಾಂಕ. ಕೊನೆಯ ಕಲಂ ಖಾಲಿ ಇರುವ ಹೆಸರುಗಳ ಪಟ್ಟಿ ತಿಂಗಳಿಗೊಮ್ಮೆ ಮುಖ್ಯ ಶಿಕ್ಷಕರ ಮೇಜಿಗೆ ಬರಬೇಕು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲೂ ಓದಬೇಕು.